ರೆಕ್ಕೆಯ ಪರೀಕ್ಷೆಯಲ್ಲಿ ಬಯಲಾದ ಪೈಲಟ್

ಅಮೆರಿಕದ ಓಹಾಯೊ ರಾಜ್ಯದ ಮೆಕುಕ್ ಫೀಲ್ಡ್‌ನಲ್ಲಿ 1924ರಲ್ಲಿ ಲೆಫ್ಟಿನೆಂಟ್ ಜೇಮ್ಸ್ ಡೂಲಿಟ್ಲ್ ಒಂದು ಫಾಕರ್ ಪಿಡಬ್ಲ್ಯು-7 ಯುದ್ಧವಿಮಾನವನ್ನು ಆಕಾಶದಲ್ಲಿ ಮನಸ್ವೀ ತಿರುಗಿಸಿ, ಹೊರಳಿಸಿ ನೋಡಿದರು. ರೆಕ್ಕೆ ಎಷ್ಟು ಹೊರೆ ತಾಳುತ್ತದೆಂದು ಸೈನ್ಯಕ್ಕೆ ತಿಳಿಯಬೇಕಿತ್ತು. ಧುಮುಕುತ್ತಿದ್ದ ವಿಮಾನವನ್ನು ಥಟ್ಟನೆ ಮೇಲಕ್ಕೆಳೆದಾಗ ಒಳಗಿದ್ದ ಮಾಪಕ 7.8 ಜಿ ತೋರಿಸಿತು. ಅಂದರೆ ವಿಮಾನವೂ ಅದರೊಳಗಿನ ಮನುಷ್ಯನೂ ಆ ಗಳಿಗೆಯಲ್ಲಿ ತಮ್ಮ ತೂಕದ ಸುಮಾರು ಎಂಟು ಪಟ್ಟು ಭಾರವಾಗಿದ್ದರು. ಆದರೂ ಡೂಲಿಟ್ಲ್‌ಗೆ ತೊಂದರೆಯಾಗಲಿಲ್ಲ. ತೊಂದರೆ ಕೊಟ್ಟದ್ದು ಅದಕ್ಕಿಂತ ಬಹಳ ಕಡಿಮೆ ಜಿ, ಸುಮಾರು ನಾಲ್ಕೂವರೆ. ಸುರುಳಿ ತಿರುವಿನಲ್ಲಿ ಅದನ್ನು ಕೆಲವು ಸೆಕೆಂಡು ಹಿಡಿದಿಟ್ಟಾಗ ಕಣ್ಣಿಗೆ ಕತ್ತಲೆ ಕವಿಯಿತು.

ಈ ಹಾರಾಟಗಳಿಗಾಗಿ ಅವರಿಗೆ ಬಂದ ಪದಕದ ಪ್ರಶಸ್ತಿಪತ್ರ ರೆಕ್ಕೆಗಳ ಮೇಲಿನ ಹೊರೆಯನ್ನೇ ಹೇಳುತ್ತದೆ, ಕಣ್ಣಿನ ಸುದ್ದಿಯಿಲ್ಲ. ಆ ಕಾಲದ ಗಮನ ಎಲ್ಲಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ವಿಮಾನ ತಿರುಗಬೇಕಾದರೆ ವಾಲಬೇಕು. ವಾಲಿದಾಗ ರೆಕ್ಕೆಯ ಎತ್ತುಬಲದಲ್ಲಿ ಒಂದು ಪಾಲು ತಿರುವಿನ ಕೇಂದ್ರದತ್ತ ಎಳೆಯುತ್ತದೆ, ಉಳಿದ ಪಾಲು ತೂಕ ಹೊರುತ್ತದೆ. ಎತ್ತರ ಕಳೆದುಕೊಳ್ಳದೆ 60 ಡಿಗ್ರಿ ವಾಲಿ ತಿರುಗಲು ಎರಡು ಪಟ್ಟು ಎತ್ತುಬಲ ಬೇಕು. 75 ಡಿಗ್ರಿಗೆ ಸುಮಾರು 3.9 ಪಟ್ಟು. 70 ಕಿಲೋ ತೂಗುವ ಪೈಲಟ್ ಮೊದಲ ತಿರುವಿನಲ್ಲೇ ಆಸನದ ಮೇಲೆ 140 ಕಿಲೋ ಒತ್ತುತ್ತಾನೆ. ವಿಮಾನಕ್ಕೂ ಇದು ಪುಕ್ಕಟೆಯಲ್ಲ. ಅದೇ 60 ಡಿಗ್ರಿಯಲ್ಲಿ ಅದು ಸ್ಟಾಲ್ ಆಗುವ, ಅಂದರೆ ರೆಕ್ಕೆಯ ಎತ್ತುಬಲ ಕುಸಿಯುವ, ವೇಗ ಶೇ. 41ರಷ್ಟು ಏರುತ್ತದೆ.

ನಾಲ್ಕೂವರೆಯ ಗುಟ್ಟು ರಕ್ತದೊತ್ತಡದಲ್ಲಿದೆ. ಕುಳಿತವನ ಹೃದಯಕ್ಕೂ ಕಣ್ಣಿಗೂ ನಡುವೆ ಹೆಚ್ಚುಕಡಿಮೆ 30 ಸೆಂ.ಮೀ. ಎತ್ತರ. ಅಷ್ಟು ಮೇಲಕ್ಕೆ ರಕ್ತ ಏರಿಸಲು ಪ್ರತಿ ಒಂದು ಜಿಗೆ ಸುಮಾರು 22 ಮಿ.ಮೀ. ಪಾದರಸದಷ್ಟು ಒತ್ತಡ ಖರ್ಚು. ಹೃದಯದ ಬಳಿ ಸರಾಸರಿ ಇರುವುದೇ ನೂರರ ಆಸುಪಾಸು. ನಾಲ್ಕೂವರೆ ಜಿಗೆ ಅದೆಲ್ಲ ಮುಗಿಯಿತು. ಕಣ್ಣುಗುಡ್ಡೆಯೊಳಗೆ ಅದರದೇ ಒತ್ತಡವೂ ಇರುವುದರಿಂದ ಪ್ರಜ್ಞೆಗಿಂತ ಮೊದಲು ದೃಷ್ಟಿ ಹೋಗುತ್ತದೆ. ಅಂಗಾಂಶದಲ್ಲಿ ಉಳಿದ ಆಮ್ಲಜನಕ ಕೆಲವು ಸೆಕೆಂಡು ಕಾಪಾಡುತ್ತದಾದ್ದರಿಂದ, ಕ್ಷಣಮಾತ್ರದ 7.8 ಜಿ ಡೂಲಿಟ್ಲ್‌ರನ್ನು ಬಾಧಿಸಲಿಲ್ಲ.

ಎರಡನೆಯ ಮಹಾಯುದ್ಧದ ಹೊತ್ತಿಗೆ ರೆಕ್ಕೆ ಗಟ್ಟಿಯಾಗಿತ್ತು, ದೇಹ ಇದ್ದಂತೆಯೇ ಇತ್ತು. ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಕ್ಯಾನ್ಸರ್ ಸಂಶೋಧಕರಾಗಿದ್ದ ವಿಲ್ಬರ್ ಫ್ರಾಂಕ್ಸ್, ನೀರಿನಲ್ಲಿ ತೇಲಿಸಿದ ಇಲಿಗಳು ಗರಗರ ತಿರುಗಿಸುವ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ನೂರಕ್ಕೂ ಹೆಚ್ಚು ಜಿ ತಾಳಿದ್ದನ್ನು ಕಂಡು ನೀರು ತುಂಬಿದ ಉಡುಪು ಹೊಲಿಸಿದರು. 1940ರಲ್ಲಿ ತಾವೇ ತೊಟ್ಟು ಹಾರಿದರು. 1942ರ ನವೆಂಬರ್‌ನಲ್ಲಿ ಉತ್ತರ ಆಫ್ರಿಕಾದ ಓರಾನ್ ಮೇಲಿನ ಕದನದಲ್ಲಿ ಬ್ರಿಟಿಷ್ ನೌಕಾಪಡೆಯ ಪೈಲಟ್‌ಗಳು ಅದನ್ನು ಬಳಸಿದರು. ಈ ಕಥೆಯನ್ನು ಸಾಮಾನ್ಯವಾಗಿ ಗೆಲುವಿಗೇ ನಿಲ್ಲಿಸುತ್ತಾರೆ. ಆದರೆ ಆ ಉಡುಪು ಭಾರ, ಸೆಕೆ ಬೇರೆ. ಹಾರುವ ಕರೆಗಾಗಿ ಗಂಟೆಗಟ್ಟಲೆ ಕಾಯುವವನಿಗೆ ಹಿಂಸೆ. ಗಾಳಿ ಉಬ್ಬಿಸಿ ಕಾಲು, ಹೊಟ್ಟೆಗಳನ್ನು ಒತ್ತುವ ಉಡುಪೇ ಕೊನೆಗೆ ಉಳಿಯಿತು.

ಅದೂ ಸಾಮಾನ್ಯವಾಗಿ ಸುಮಾರು ಒಂದೂವರೆ ಜಿಗಿಂತ ಹೆಚ್ಚಿನ ಆಸರೆ ಕೊಡುವುದಿಲ್ಲ. ಉಳಿದದ್ದನ್ನು ಪೈಲಟ್ಟೇ ದುಡಿಯಬೇಕು: ತೊಡೆ, ಹೊಟ್ಟೆ ಬಿಗಿಹಿಡಿದು, ಗಂಟಲು ಮುಚ್ಚಿ, ಸುಮಾರು ಮೂರು ಸೆಕೆಂಡಿಗೊಮ್ಮೆ ಗಬಕ್ಕನೆ ಉಸಿರೆಳೆಯುವುದು. ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಅರ್ಲ್ ವುಡ್ ಮತ್ತವರ ಜೊತೆಗಾರರು ಯುದ್ಧಕಾಲದಲ್ಲಿ ಇಂಥ ವಿಧಾನವನ್ನು ಸೆಂಟ್ರಿಫ್ಯೂಜಿನಲ್ಲಿ ಪರೀಕ್ಷಿಸಿದ್ದರು. ಬೆಂಗಳೂರಿನಲ್ಲಿ 1957ರಲ್ಲಿ ಆರಂಭವಾದ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲೂ ಯುದ್ಧವಿಮಾನದ ಪೈಲಟ್‌ಗಳು ಸೆಂಟ್ರಿಫ್ಯೂಜಿನ ತೋಳಿನ ತುದಿಯಲ್ಲಿ ಕುಳಿತು ಇದನ್ನೇ ರೂಢಿಸಿಕೊಳ್ಳುತ್ತಾರೆ.