ಸೆರೆಯಿಂದ ಹಬ್ಬಕ್ಕೆ: ಶ್ರೀರಂಗಪಟ್ಟಣದಲ್ಲಿ ಕೆನರಾ ಕ್ರೈಸ್ತರು, 1784–1799

ಸಂಕಟದ ಕಾಲದಲ್ಲಿ ಕ್ರೈಸ್ತ ವಿಶ್ವಾಸ ಸಂತೋಷವನ್ನು ಹೇಗೆ ಕಾಯುತ್ತದೆ ಎಂದು ತಿಳಿಯಬಯಸುವವರು ಹುತಾತ್ಮರ ಕಥೆಗಳನ್ನು ಹುಡುಕುವುದು ವಾಡಿಕೆ. ಶ್ರೀರಂಗಪಟ್ಟಣದ ಚರಿತ್ರೆ ಬೇರೆಯದನ್ನು ತೋರಿಸುತ್ತದೆ. ಇಲ್ಲಿ ಸೆರೆಯಲ್ಲಿದ್ದವರು ಬಾಗಿದರು, ಬದುಕಿದರು, ಬಾಗಿಲು ತೆರೆದ ಕೂಡಲೇ ತಮ್ಮ ದೇವರ ಬಳಿಗೆ ಮರಳಿದರು.

ಎರಡನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ, 1784ರ ಬೂದಿ ಬುಧವಾರದ ಸುಮಾರಿಗೆ ಟಿಪ್ಪು ಸುಲ್ತಾನನ ಸೈನ್ಯ ಮಂಗಳೂರು ಸೀಮೆಯ ಕಥೋಲಿಕರನ್ನು ಹಿಡಿಯಿತು. ಸೆರೆಯಾದವರು 30,000 ಎಂದು ಕೆಲವರು, 80,000ದವರೆಗೆ ಎಂದು ಕೆಲವರು ಬರೆದಿದ್ದಾರೆ. ಸಂಖ್ಯೆ ಯಾವುದೇ ಇರಲಿ, ಘಟ್ಟ ಹತ್ತಿ ಶ್ರೀರಂಗಪಟ್ಟಣಕ್ಕೆ ನಡೆದ ದಾರಿಯಲ್ಲಿ ಸಾವಿರಾರು ಜನ ಸತ್ತರು. ಬಲವಂತದ ಮತಾಂತರವಾಯಿತು, ಯುವಕರನ್ನು ಪಡೆಗೆ ಸೇರಿಸಲಾಯಿತು. ಗುರುಗಳನ್ನು ಗಡೀಪಾರು ಮಾಡಲಾಗಿತ್ತು, ಚರ್ಚುಗಳು ನೆಲಸಮವಾಗಿದ್ದವು.

1799ರ ಮೇ 4ರಂದು ಕೋಟೆ ಬಿತ್ತು. ಅಲ್ಲಿಯ ಕ್ರೈಸ್ತರನ್ನು ಮತ್ತೆ ಒಗ್ಗೂಡಿಸಲು ಬಂದವರು ಫ್ರೆಂಚ್ ಪಾದ್ರಿ ಆಬೆ ದ್ಯುಬುವಾ. ತಮ್ಮ ಮುಂದೆ ಸುಮಾರು 2,000 ಜನ ಸಭೆಗೆ ಮರಳಿದರೆಂದೂ ಸುಮಾರು 20,000 ಜನ ಮಂಗಳೂರು ಸೀಮೆಗೆ ಹಿಂತಿರುಗಿದರೆಂದೂ ಅವರು ಬರೆದರು. ಆದರೆ 1823ರಲ್ಲಿ ಪ್ರಕಟವಾದ ಪತ್ರಗಳಲ್ಲಿ ಅವರ ತೀರ್ಪು ಕಠೋರ: ಇಷ್ಟು ಸಾವಿರ ಜನರಲ್ಲಿ ಒಬ್ಬನೂ ವಿಶ್ವಾಸಕ್ಕಾಗಿ ಪ್ರಾಣ ಕೊಡಲಿಲ್ಲ, ಮುಂದೆ ಇಂಥ ಪರೀಕ್ಷೆ ಬಂದರೂ ಹೀಗೆಯೇ ಆದೀತು.

ಈ ತೀರ್ಪನ್ನು ನಾನು ಒಪ್ಪಲಾರೆ. ಅವರು ಕೊಡುವ ಲೆಕ್ಕವೇ ಅವರ ತೀರ್ಪಿಗೆ ಎದುರು ನಿಲ್ಲುತ್ತದೆ. ಹದಿನೈದು ವರ್ಷವೆಂದರೆ ಕೂಸು ಬೆಳೆದು ಮದುವೆಯ ವಯಸ್ಸಿಗೆ ಬರುವಷ್ಟು ಕಾಲ. ಪೂಜೆಯಿಲ್ಲ, ಪಾಪನಿವೇದನೆಯಿಲ್ಲ, ಗುರುಗಳಿಲ್ಲ. ಆದರೂ ಕಥೋಲಿಕ ಸಂಪ್ರದಾಯ ಮನೆಯವರ ಕೈಗೆ ಕೆಲವನ್ನು ಬಿಟ್ಟುಕೊಟ್ಟಿದೆ: ತುರ್ತಿನಲ್ಲಿ ಯಾರು ಬೇಕಾದರೂ ನೀರು ಹಾಕಿ ಜ್ಞಾನಸ್ನಾನ ಕೊಡಬಹುದು, ಜಪಸರವಿಲ್ಲದಿದ್ದರೆ ಬೆರಳೆಣಿಸಿ ಜಪಿಸಬಹುದು. ವಿಶ್ವಾಸವನ್ನು ಒಳಗೇ ಉಳಿಸಿಕೊಂಡಿದ್ದೆವು ಎಂದು ಮರಳಿದವರು ಹೇಳಿಕೊಂಡದ್ದನ್ನು ದ್ಯುಬುವಾ ಅವರೇ ದಾಖಲಿಸಿದ್ದಾರೆ. ಆ ಮಾತನ್ನು ನೆಪವೆಂದು ತಳ್ಳಿಹಾಕಲು ನನಗೆ ಕಾರಣ ಕಾಣುವುದಿಲ್ಲ. ನೆಪವಾಗಿದ್ದರೆ ಸೆರೆ ಮುಗಿದ ಮೇಲೆ ಮರಳಬೇಕಾದ ಅಗತ್ಯವೇ ಇರಲಿಲ್ಲ.

ಮರಳಿದವರು ಕಟ್ಟಿದ್ದನ್ನೂ ನೋಡಬೇಕು. ಶ್ರೀರಂಗಪಟ್ಟಣದ ಗಂಜಾಮಿನಲ್ಲಿ 1800ರಲ್ಲಿ ದ್ಯುಬುವಾ ಚರ್ಚು ಎದ್ದಿತು. ಊರಿಗೆ ಹೋಗಲಾಗದೆ ಉಳಿದ ಕುಟುಂಬಗಳಿಗೆ ಅವರು ಹಾಸನದ ಬಳಿ ಸಾತಹಳ್ಳಿಯಲ್ಲಿ ಬೇಸಾಯದ ನೆಲೆ ಮಾಡಿಕೊಟ್ಟರು. ದುಡಿದು ತಿನ್ನುವ ನೆಲ ಸಿಕ್ಕದ್ದು ಆ ಜನರ ಪಾಲಿಗೆ ಪ್ರಾರ್ಥನೆ ಫಲಿಸಿದಂತೆಯೇ ಇದ್ದಿರಬೇಕು. ಸಿಡುಬಿನ ವಿರುದ್ಧ ಲಸಿಕೆ ಹಾಕಿಸುವ ಕೆಲಸಕ್ಕೂ ದ್ಯುಬುವಾ ಇಳಿದರು. 1803–04ರಲ್ಲಿ 25,432 ಜನರಿಗೆ ಲಸಿಕೆಯಾಯಿತೆಂದು ಅವರ ಲೆಕ್ಕ. ಜನರ ಮೇಲೆ ಕಠಿಣ ತೀರ್ಪು ಬರೆದ ಕೈ ಅವರ ಮಕ್ಕಳನ್ನು ಸಾವಿನಿಂದ ಉಳಿಸಲು ದುಡಿಯಿತು. ಇದನ್ನೂ ಮರೆಯಬಾರದು.

ಕರಾವಳಿಗೆ ಹಿಂತಿರುಗಿದವರ ಮನೆಗಳು, ಗದ್ದೆಗಳು ಎಷ್ಟೋ ಕಡೆ ಬೇರೆಯವರ ಕೈಯಲ್ಲಿದ್ದವು. ಅಂಥ ಸ್ಥಿತಿಯಲ್ಲೂ ಮಂಗಳೂರಿನ ಮಿಲಾಗ್ರಿಸ್ ಚರ್ಚು 1811ರಲ್ಲಿ ಮತ್ತೆ ಕಟ್ಟಲ್ಪಟ್ಟಿತು. ಫರಂಗಿಪೇಟೆಯ ಮೊಂತೆ ಮಾರಿಯಾನೊದಲ್ಲಿ ಸೆರೆಗಿಂತ ಮೊದಲೇ, ಪಾದ್ರಿ ಜೊವಾಕಿಂ ಮಿರಾಂಡಾ ಅವರ ಕಾಲದಲ್ಲಿ, ಆರಂಭವಾಯಿತೆನ್ನುವ ಮೊಂತಿ ಹಬ್ಬ ಸೆರೆಯ ನಂತರವೂ ಉಳಿಯಿತು. ಸೆಪ್ಟೆಂಬರ್ 8ರಂದು ಮಕ್ಕಳು ಮರಿಯಮ್ಮನಿಗೆ ಹೂ ಅರ್ಪಿಸುತ್ತಾರೆ, ಆಶೀರ್ವದಿಸಿದ ಹೊಸ ತೆನೆಯನ್ನು ಮನೆಗೆ ತಂದು ಭತ್ತ ಬಿಡಿಸಿ, ಎಲ್ಲರೂ ಕೂತು ಹೊಸ ಅಕ್ಕಿ ಉಣ್ಣುತ್ತಾರೆ. ಎಲ್ಲವನ್ನೂ ಕಳೆದುಕೊಂಡಿದ್ದ ಸಮುದಾಯ ಮತ್ತೆ ಕೈಗೆತ್ತಿಕೊಂಡದ್ದು ಶೋಕಾಚರಣೆಯ ದಿನವನ್ನಲ್ಲ, ಊಟದ ಹಬ್ಬವನ್ನು.