ದೋಣಿಯೊಳಗಿನ ನೀರು ಹೋಗುವುದೆಲ್ಲಿಗೆ?

ನಮ್ಮಕ್ಕನ ಮಗ ಅಮೆರಿಕದ ಮಿನೆಸೋಟಾದಲ್ಲಿದ್ದಾನೆ. ಅಲ್ಲಿ ಮನೆಗೊಂದು ಕೆರೆ ಇದೆಯೋ ಏನೋ, ಹದಿನಾಲ್ಕು ಅಡಿಯ ಹಳೇ ಅಲ್ಯೂಮಿನಿಯಂ ದೋಣಿಯೊಂದನ್ನು ಕೊಂಡಿದ್ದಾನೆ, ರಜೆಯಲ್ಲಿ ಮೀನು ಹಿಡಿಯಲಿಕ್ಕೆ. "ಮಳೆ ಬಂದರೆ ನೀರೆಲ್ಲ ನೆಲದಲ್ಲೇ ನಿಲ್ಲುತ್ತದೆ ಮಾವ, ಬದಿಯಲ್ಲಿ ಎರಡು ತೂತು ಕೊರೆದರೆ ಹೇಗೆ?" ಅಂತ ಫೋನಿನಲ್ಲಿ ಕೇಳಿದ. ಬಿಕಾಂ ಮಾಡಿ ಮೂವತ್ತು ವರ್ಷ ಲೆಡ್ಜರು ನೋಡಿದವನನ್ನು ಕೇಳುವ ಪ್ರಶ್ನೆಯೇ ಇದು? ಆದರೆ ನಾನು ಕುಮಟೆ ಕಡೆಯವನು, ಈಗಿರುವುದೂ ಖಾಡಿಯ ಪಕ್ಕದ ಕಳಂಬೋಲಿಯಲ್ಲಿ. ಡ್ರಿಲ್ಲು ಕೆಳಗಿಡು ಮಾರಾಯ, ಎರಡು ದಿನ ತಡಿ ಅಂದೆ. ಆ ಎರಡು ದಿನ ಓದಿದ್ದು, ಮೊದಲೇ ಗೊತ್ತಿದ್ದದ್ದು ಎಲ್ಲ ಸೇರಿ ಇಷ್ಟಾಯಿತು.

ದೋಣಿ ತೇಲುವುದು ನೀರನ್ನು ಹೊರಗಿಟ್ಟು. ಹೊರಗಿಟ್ಟದ್ದು ಹೇಗಾದರೂ ಒಳಗೆ ಬಂದೇ ಬರುತ್ತದೆ. ಈ ತಾಪತ್ರಯವೇ ಇಲ್ಲದ್ದು ಕೋರಮಂಡಲ ತೀರದ ಕಟ್ಟುಮರ. ನಾಲ್ಕೈದು ದಿಮ್ಮಿ ಸೇರಿಸಿ ಹಗ್ಗದಲ್ಲಿ ಬಿಗಿದರೆ ಮುಗಿಯಿತು. ಅಲೆ ಮೇಲೆ ಬೀಳುತ್ತದೆ, ದಿಮ್ಮಿಗಳ ಸಂದಿಯಲ್ಲಿ ಇಳಿದುಹೋಗುತ್ತದೆ. ತೇಲುವುದು ಮರವೇ ಆದ್ದರಿಂದ ಮುಳುಗುವ ಭಯವಿಲ್ಲ, ಒದ್ದೆಯಾಗುವುದು ಮಾತ್ರ ಖಂಡಿತ. ಈ ತಮಿಳು ಹೆಸರನ್ನೇ ಇಂಗ್ಲಿಷರು ಕ್ಯಾಟಮರಾನ್ ಮಾಡಿಕೊಂಡು, ಆಮೇಲೆ ಜೋಡಿ ಒಡಲಿನ ಶ್ರೀಮಂತರ ನೌಕೆಗೆ ಅಂಟಿಸಿಬಿಟ್ಟರು!

ನಮ್ಮ ಪಶ್ಚಿಮ ಕರಾವಳಿಯದು ಬೇರೆ ದಾರಿ. ಇಡೀ ಮರ ಕೊರೆದು ಮಾಡಿದ ಪಾತಿ ದೋಣಿ, ಹಲಗೆ ಜೋಡಿಸಿದ ದೊಡ್ಡ ದೋಣಿ. ಹಿಂದೆ ಹಲಗೆಗಳಿಗೆ ಮೊಳೆ ಹೊಡೆಯುತ್ತಿರಲಿಲ್ಲ, ತೆಂಗಿನ ನಾರಿನ ಹುರಿಯಲ್ಲಿ ಹೊಲಿಯುತ್ತಿದ್ದರು. 1342ರ ಸುಮಾರಿಗೆ ಹೊನ್ನಾವರ, ಬಾರಕೂರು, ಮಂಗಳೂರು ದಾಟಿ ಹೋದ ಇಬ್ನ್ ಬತೂತ ಇದಕ್ಕೆ ಕಾರಣವನ್ನೂ ಬರೆದಿಟ್ಟಿದ್ದಾನೆ. ಮೊಳೆಯ ಹಡಗು ಬಂಡೆಗೆ ಬಡಿದರೆ ಒಡೆಯುತ್ತದೆ, ಹೊಲಿದದ್ದು ಬಾಗಿ ಉಳಿದುಕೊಳ್ಳುತ್ತದೆ. ಸರಿ, ಆದರೆ ಹೊಲಿದದ್ದು ಸೋರುತ್ತದೆ. ಹಾಗಾಗಿ ನೀರು ಎತ್ತಿ ಚೆಲ್ಲಲಿಕ್ಕೆಂದೇ ದೋಣಿಯಲ್ಲಿ ಒಬ್ಬನಿರಬೇಕು, ಸಾಮಾನ್ಯವಾಗಿ ಎಲ್ಲರಿಗಿಂತ ಚಿಕ್ಕ ಹುಡುಗ. ಶತಮಾನಗಳ ಕಾಲ ನಮ್ಮ ದೋಣಿಗಳ ಡ್ರೈನೇಜ್ ವ್ಯವಸ್ಥೆ ಎಂದರೆ ಆ ಹುಡುಗನ ಬೆನ್ನು. ಚರಿತ್ರೆಯ ಪುಸ್ತಕಗಳಲ್ಲಿ ಅವನು ಸಿಗುವುದಿಲ್ಲ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ದೋಣಿ ಸಾಲದ ತಪಾಸಣೆಗೆಂದು ಉರಣ್ ಹತ್ತಿರದ ಕರಂಜಾಕ್ಕೆ ಹೋಗಬೇಕಾಗುತ್ತಿತ್ತು. ಅಲ್ಲಿಯ ಒಬ್ಬ ಮುದಿ ಕೋಳಿ ಮೀನುಗಾರರು ನನಗೊಂದು ಪಾಠ ಹೇಳಿಕೊಟ್ಟರು. "ಸಾಹೇಬ್, ಎಂಜಿನ್ನು ಆಮೇಲೆ ನೋಡಿ. ಮೊದಲು ತಳದ ನೀರಿಗೆ ಬೆರಳದ್ದಿ ನಾಲಗೆಗೆ ಹಚ್ಚಿ. ಸಪ್ಪೆಯಾಗಿದ್ದರೆ ಮಳೆಯದ್ದು, ಇಲ್ಲಾ ಐಸು ಕರಗಿದ್ದು. ಉಪ್ಪಾಗಿದ್ದರೆ ಸಾಲ ಕೊಡುವ ಮೊದಲು ಹಲಗೆ ನೋಡಿ." ಬ್ಯಾಂಕಿನ ಯಾವ ಟ್ರೇನಿಂಗಿನಲ್ಲೂ ಇಷ್ಟು ಒಳ್ಳೆಯ ಪಾಠ ನನಗೆ ಸಿಗಲಿಲ್ಲ.

ನೀರು ತಾನಾಗಿಯೇ ಹೊರಹೋಗಬೇಕು ಅನ್ನುವ ವಿಚಾರಕ್ಕೆ ಜೋರು ಬಂದದ್ದು ಒಂದು ಸಾವಿನ ಮನೆಯಿಂದ. ಇಂಗ್ಲೆಂಡಿನ ಸೌತ್ ಶೀಲ್ಡ್ಸ್‌ನಲ್ಲಿ 1849ರ ಡಿಸೆಂಬರಿನಲ್ಲಿ, ಹಡಗೊಂದನ್ನು ಉಳಿಸಲು ಹೋದ ಜೀವರಕ್ಷಕ ದೋಣಿಯೇ ಮಗುಚಿ, ಅದರಲ್ಲಿದ್ದ 24 ಜನರಲ್ಲಿ 20 ಜನ ತೀರಿಕೊಂಡರು. ನಾರ್ತಂಬರ್ಲೆಂಡಿನ ಡ್ಯೂಕ್ ಒಳ್ಳೆಯ ದೋಣಿಯ ನಕ್ಷೆಗೆ ನೂರು ಗಿನಿಯ ಬಹುಮಾನ ಸಾರಿದ. 280 ನಕ್ಷೆಗಳು ಬಂದವು. 1851ರಲ್ಲಿ ಗೆದ್ದವನು ಜೇಮ್ಸ್ ಬೀಚಿಂಗ್. ಮುಂದೆ ಜೇಮ್ಸ್ ಪೀಕ್ ಅದನ್ನು ತಿದ್ದಿದ. ಇವರ ಯುಕ್ತಿ ಇಷ್ಟೇ: ಜನ ನಿಲ್ಲುವ ನೆಲವನ್ನು ಹೊರಗಿನ ನೀರಿನ ಮಟ್ಟಕ್ಕಿಂತ ಮೇಲೆ ಇಡುವುದು, ಅಲ್ಲಿಂದ ತಳದ ಮೂಲಕ ಹೊರಕ್ಕೆ ಕೊಳವೆ, ಕೊಳವೆಗೆ ಒಂದೇ ಕಡೆ ತೆರೆಯುವ ಕವಾಟ. ಒಳಗೆ ಬಿದ್ದದ್ದು ಇಳಿದುಹೋಗುತ್ತದೆ, ಹೊರಗಿನದು ಮೇಲೆ ಬರಲಾರದು.

ಇನ್ನು ಅಲ್ಯೂಮಿನಿಯಂ. 1886ರಲ್ಲಿ ಅಮೆರಿಕದ ಹಾಲ್, ಫ್ರಾನ್ಸಿನ ಎರೂ, ಒಬ್ಬರಿಗೊಬ್ಬರು ಗೊತ್ತಿಲ್ಲದೆಯೇ, ಅದನ್ನು ಅಗ್ಗವಾಗಿ ತೆಗೆಯುವ ಒಂದೇ ವಿಧಾನ ಕಂಡುಹಿಡಿದರು. (ಇಬ್ಬರೂ ಹುಟ್ಟಿದ್ದು 1863ರಲ್ಲಿ, ತೀರಿಕೊಂಡದ್ದು 1914ರಲ್ಲಿ. ಜಾತಕದವರು ವಿಚಾರ ಮಾಡಲಿ.) ಎರಡನೇ ಮಹಾಯುದ್ಧ ಮುಗಿಯುವಾಗ ವಿಮಾನ ಮಾಡುತ್ತಿದ್ದ ಗ್ರಮನ್ ಕಂಪನಿ ಅದೇ ತಗಡಿನಿಂದ 1945ರಲ್ಲಿ ಸಣ್ಣ ದೋಣಿ ಮಾಡತೊಡಗಿತು. ಹಗುರ, ಕೊಳೆಯುವುದಿಲ್ಲ, ಕಡಿಮೆ ಬೆಲೆ. ನೋಡನೋಡುತ್ತ ಅಮೆರಿಕದ ಕೆರೆಗಳಲ್ಲೆಲ್ಲ ತಗಡಿನ ದೋಣಿಗಳೇ ಆದವು. 1958ರಲ್ಲಿ ರಿಚರ್ಡ್ ಫಿಶರ್ ಎಂಬವನು ಎರಡು ಫೈಬರ್ ಚಿಪ್ಪುಗಳ ನಡುವೆ ಫೋಮು ತುಂಬಿದ ಬೋಸ್ಟನ್ ವೇಲರ್ ತಂದ. ಅದರ ನೆಲವೂ ನೀರಿಗಿಂತ ಮೇಲೆ, ಬಿರಡೆ ಕಿತ್ತರೆ ಬಿದ್ದ ನೀರು ತಾನೇ ಹೊರಟುಹೋಗುತ್ತದೆ. ಅದನ್ನು ನಡುವೆ ಗರಗಸದಲ್ಲಿ ಕೊಯ್ದು, ಅರ್ಧವನ್ನೇ ಓಡಿಸಿದ ಫೋಟೋ 1961ರ ಲೈಫ್ ಪತ್ರಿಕೆಯಲ್ಲಿ ಬಂದಿತ್ತು. ಅಳಿಯನ ತಲೆಗೆ ತೂತಿನ ಹುಳ ಹೊಕ್ಕದ್ದು ಇಂಥ ದೋಣಿಗಳನ್ನು ನೋಡಿಯೇ.

ಆದರೆ ಅವನ ದೋಣಿಯ ಲೆಕ್ಕ ಬೇರೆ. ತೆಳು ತಗಡಿನ ಸಣ್ಣ ದೋಣಿಯಲ್ಲಿ ನೆಲ ಇರುವುದೇ ಹೊರಗಿನ ನೀರಿನ ಮಟ್ಟಕ್ಕಿಂತ ಕೆಳಗೆ. ಅಲ್ಲಿ ತೂತು ಕೊರೆದರೆ ನೀರು ಹೋಗುವುದಲ್ಲ, ಇಡೀ ಕೆರೆಯೇ ಒಳಗೆ ಬರುತ್ತದೆ. ನೆಲ ಎತ್ತರಿಸೋಣವೆಂದರೆ ಕೂತವರ ಭಾರವೂ ಮೇಲಕ್ಕೇರಿ ದೋಣಿ ಹೊಯ್ದಾಡುತ್ತದೆ. ಹಾಗಂತ ನೀರು ಬಿಟ್ಟರೂ ಆಗದು. ನಾಲ್ಕು ಚದರ ಮೀಟರು ನೆಲದಲ್ಲಿ ಐದು ಸೆಂಟಿಮೀಟರು ನೀರೆಂದರೆ 200 ಲೀಟರು, ಅಂದರೆ 200 ಕಿಲೋ. ಟಿಕೆಟ್ಟಿಲ್ಲದ ಮೂವರು ಪ್ರಯಾಣಿಕರು! ಅವರು ಕೂತಲ್ಲಿ ಕೂರುವವರೂ ಅಲ್ಲ, ದೋಣಿ ಯಾವ ಕಡೆ ವಾಲಿತೋ ಅದೇ ಕಡೆಗೆ ಓಡುತ್ತಾರೆ. ಸಣ್ಣ ದೋಣಿಗಳು ಮಗುಚುವುದಕ್ಕೆ ಇದೂ ಒಂದು ದೊಡ್ಡ ಕಾರಣ.

ನಾನು ಹೇಳಿದ್ದು ಇಷ್ಟು. ನೆಲದ ಹಲಗೆಗಳ ನಡುವೆ ಸಂದಿ ಬಿಡು, ನೀರು ಕೆಳಗಿಳಿಯಲಿ. ಕೆಳಗಿನ ಅಡ್ಡಪಟ್ಟಿಗಳಲ್ಲಿ ನೀರು ಹಿಂದಕ್ಕೆ ಹರಿಯಲು ದಾರಿ ಮಾಡು, ಅವಕ್ಕೆ ಕಸ ಕಟ್ಟದಂತೆ ನೋಡಿಕೋ. ಹಿಂದಿನ ಮೂಲೆಯಲ್ಲಿ ಸೇರಿದ್ದನ್ನು ಬ್ಯಾಟರಿಯ ಸಣ್ಣ ಪಂಪು ಎತ್ತಿ ಹಾಕಲಿ. ತಳದ ಬಿರಡೆ ದಡಕ್ಕೆಳೆದ ಮೇಲೆ ತೆಗೆಯಲಿಕ್ಕೆ. ಹಿತ್ತಾಳೆ, ತಾಮ್ರದ ಸ್ಕ್ರೂ ಹಾಕಬೇಡ, ತಾಮ್ರದ ಔಷಧಿ ಕುಡಿಸಿದ ಪ್ಲೈವುಡ್ಡನ್ನೂ ಹಾಕಬೇಡ. ಒದ್ದೆಯಲ್ಲಿ ತಾಮ್ರ ತಾಗಿದರೆ ಅಲ್ಯೂಮಿನಿಯಂ ಗೆದ್ದಲು ತಿಂದ ಹಾಗೆ ತೂತು ಬೀಳುತ್ತದೆ.

ಈಗ ನಮ್ಮ ಕಳಂಬೋಲಿಗೆ ಬನ್ನಿ. 1970ರಲ್ಲಿ ಹುಟ್ಟಿದ ಸಿಡ್ಕೊ ನವಿ ಮುಂಬಯಿಯನ್ನು ಕಟ್ಟಿದ ಜಾಗದಲ್ಲಿ ಎಷ್ಟೋ ಭಾಗ ದೊಡ್ಡ ಉಬ್ಬರದ ಮಟ್ಟಕ್ಕಿಂತ ಕೆಳಗಿದೆ. ಅಂದರೆ ಅಳಿಯನ ದೋಣಿಯದೇ ಪರಿಸ್ಥಿತಿ. ಇದಕ್ಕೆ ಡಚ್ಚರ ರೀತಿಯಲ್ಲಿ ಹೋಲ್ಡಿಂಗ್ ಪಾಂಡ್ ಮಾಡಿದರು. ನಾಲೆಗಳ ನೀರು ಕೊಳಕ್ಕೆ ಬರುತ್ತದೆ, ಕೊಳದ ಬಾಯಿಯಲ್ಲಿ ಖಾಡಿಯ ಕಡೆಗಷ್ಟೇ ತೆರೆಯುವ ಬಾಗಿಲು. ಉಬ್ಬರ ಬಂದಾಗ ಖಾಡಿಯ ನೀರೇ ಒತ್ತಿ ಬಾಗಿಲು ಮುಚ್ಚುತ್ತದೆ, ಆ ಕೆಲವು ಗಂಟೆ ಮಳೆನೀರು ಕೊಳದಲ್ಲಿ ಕಾಯುತ್ತದೆ, ಇಳಿತದಲ್ಲಿ ಬಾಗಿಲು ತೆರೆದು ಹೊರಹೋಗುತ್ತದೆ. 1851ರ ದೋಣಿಯ ಕವಾಟವೇ ಊರಿನ ಅಳತೆಗೆ ಬೆಳೆದಂತೆ. ನಮ್ಮ ಅಘನಾಶಿನಿಯ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆಯುವವರು ಹಲಗೆಯ ಬಾಗಿಲು ಎತ್ತಿ ಇಳಿಸಿ ಇದೇ ಕೆಲಸವನ್ನು ಕೈಯಲ್ಲೇ ಮಾಡುತ್ತ ಬಂದಿದ್ದಾರೆ. ಅವರಿಗೆ ಡಚ್ಚರು ಹೇಳಿಕೊಡಬೇಕಾಗಿರಲಿಲ್ಲ.

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರು ಮಳೆ ದಾಖಲಾಯಿತಲ್ಲ, ಆ ದಿನ ಕಳಂಬೋಲಿಯ ನೆಲಮಹಡಿಗಳಿಗೂ ನೀರು ನುಗ್ಗಿತು. ನಮ್ಮ ಕೆಳಗಿನ ಮನೆಯವರ ಅಕ್ಕಿ ಡಬ್ಬ, ಮಕ್ಕಳ ಪುಸ್ತಕ, ಹೊಲಿಗೆ ಯಂತ್ರ ಎಲ್ಲ ಮೆಟ್ಟಿಲ ಮೇಲೆ ಬಂದವು. ಆಗಿನಿಂದ ಈ ಕೊಳಗಳು ಎಲ್ಲರ ಕಣ್ಣಿಗೆ ಬಿದ್ದಿವೆ. ಉಬ್ಬರದ ಜೊತೆ ಬರುವ ಕೆಸರು ಹೋಲ್ಡಿಂಗ್ ಪಾಂಡುಗಳಲ್ಲಿ ಕೂರುತ್ತದೆ, ಕೆಸರಿನಲ್ಲಿ ಕಾಂಡ್ಲಾ ಗಿಡ ಹುಟ್ಟುತ್ತದೆ. ಕಾಂಡ್ಲಾ ಕಡಿಯಬಾರದೆಂದು ಹೈಕೋರ್ಟಿನ ಆದೇಶವಿದೆ, ಕೆಸರು ತೆಗೆಯಬೇಕಾದರೂ ಅನುಮತಿ ಬೇಕು. ಕಾಂಡ್ಲಾ ಬೇಕು, ಏಡಿ ಸಿಗಡಿ ಹುಟ್ಟುವುದು, ಕೋಳಿಗಳ ಹೊಟ್ಟೆ ತುಂಬುವುದು ಅದರ ಬುಡದಲ್ಲೇ. ಕೊಳವೂ ಆಳವಿರಬೇಕು. ನನ್ನ ಮಟ್ಟಿಗೆ ಕೊಳದೊಳಗಿನ ಕೆಸರನ್ನು ತೆಗೆದು ಖಾಡಿಯಂಚಿನ ಕಾಂಡ್ಲಾವನ್ನು ಮುಟ್ಟದೆ ಬಿಡುವುದೇ ಸರಿ. 2016ರಲ್ಲಿ ಪನವೇಲ್ ಮಹಾನಗರ ಪಾಲಿಕೆ ಆಗಿ ನಾವೂ ಅದರೊಳಗೆ ಸೇರಿದ ಮೇಲೂ ಈ ಚರ್ಚೆ ನಡೆದೇ ಇದೆ.

ಜುಲೈ ಬಂತೆಂದರೆ ಸೊಸೈಟಿಯ ವಾಟ್ಸಾಪಿನಲ್ಲಿ ದಿನಾ ಉಬ್ಬರದ ವೇಳೆ ಹಾಕುವುದು ನನ್ನ ಕೆಲಸ. ನಾಲ್ಕೂವರೆ ಮೀಟರು ದಾಟುತ್ತದೆ ಅಂತ ಬರೆದ ದಿನ ಮಳೆಯೂ ಹಿಡಿದಿದ್ದರೆ, ಯಾರೂ ಹೇಳದೆಯೇ ಹುಡುಗರು ಸ್ಕೂಟರುಗಳನ್ನು ಎತ್ತರದ ಕಡೆಗೆ ತಳ್ಳಿಟ್ಟು ಬರುತ್ತಾರೆ.