ತಾರ್ನಾಕದ ಮೂಷಿಕವಂಶ

ಸಿಕಂದರಾಬಾದಿನ ನೆರೆಯ ತಾರ್ನಾಕದಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಚರಿತ್ರೆಯನ್ನು ಬರೆಯಹೊರಟವರು ಅಲ್ಲಿಯ ನಿರ್ದೇಶಕರ ಪರಂಪರೆಯನ್ನು ಹೇಳುವಷ್ಟೇ ಆದರದಿಂದ ಅಲ್ಲಿಯ ಬಿಳಿಯ ಇಲಿಗಳ ಪರಂಪರೆಯನ್ನೂ ಹೇಳಬೇಕೆಂದು ನನಗೆ ತೋರುತ್ತದೆ.

1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ, ಪಾಶ್ಚರ್ ಸಂಸ್ಥೆಯ ಒಂದು ಕೊಠಡಿಯಲ್ಲಿ, ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯರು ಬೆರಿಬೆರಿ ರೋಗದ ವಿಚಾರಣೆಗೆ ತೊಡಗಿದಾಗ ಈ ಸಂಸ್ಥೆಯ ಬೀಜಾವಾಪವಾಯಿತು. 1920ರಲ್ಲಿ ಲಂಡನ್ನಿನಿಂದ ತರಿಸಿದ ವಿಸ್ಟಾರ್ ಎಂಬ ತಳಿಯ ಇಲಿಗಳ ಸಂತತಿಯೇ 1958ರಲ್ಲಿ ಸಂಸ್ಥೆಯೊಡನೆ ಹೈದರಾಬಾದಿಗೆ ಬಂದಿತು. ಕೂನೂರಿನ ದಿನಗಳಲ್ಲಿ ಇಲಿಗಳಿಗೆ ದೇಶದ ನಾನಾ ಪ್ರಾಂತಗಳ ಊಟವನ್ನೇ ಉಣಿಸಿ, ಗೋಧಿಯ ರೊಟ್ಟಿ, ಹಾಲು, ತರಕಾರಿಗಳಿಂದ ಕೂಡಿದ ಪಂಜಾಬಿನ ಆಹಾರದಿಂದ ಪುಷ್ಟವಾಗುವ ದೇಹವು ಅನ್ನವೇ ಪ್ರಧಾನವಾದ ಮದರಾಸಿನ ಆಹಾರದಿಂದ ಕೃಶವಾಗುವುದನ್ನು ಮೆಕ್ಯಾರಿಸನ್ ತೋರಿಸಿದ್ದರು. ಕೊರತೆಯನ್ನು ಅರಿಯಲೆಂದು ಸಾಕಿದ ಈ ವಂಶದಲ್ಲಿಯೇ, ಯಾರ ಯೋಜನೆಯೂ ಇಲ್ಲದೆ, ಮಿತಿಮೀರಿ ತಿಂದು ಮೇದಸ್ಸನ್ನು ಕೂಡಿಹಾಕುವ ಮರಿಗಳು ಹುಟ್ಟಿದುವೆಂದು 1996ರಲ್ಲಿ ಸಂಸ್ಥೆಯ ಎನ್.ವಿ. ಗಿರಿಧರನ್ ಮತ್ತು ಅವರ ಸಹೋದ್ಯೋಗಿಗಳು ಲೋಕಕ್ಕೆ ತಿಳಿಸಿದರು. ಆ ಸ್ಥೂಲ ಇಲಿಗಳಿಗೆ ಸಂತಾನಶಕ್ತಿಯಿಲ್ಲ. ಲಕ್ಷಣವನ್ನು ಒಳಗೆ ಹೊತ್ತ ಒಡಹುಟ್ಟುಗಳ ಮೂಲಕವೇ ತಳಿ ಉಳಿಯಬೇಕು. ಮುಕ್ಕಾಲು ಶತಮಾನ ವಂಶವನ್ನು ಬೆರಕೆಯಾಗದಂತೆ ಕಾಪಾಡಿದ ಶ್ರದ್ಧೆಯಿಲ್ಲದಿದ್ದರೆ ಈ ಭೇದವು ಕಣ್ಣಿಗೆ ಬೀಳುತ್ತಿತ್ತೆಂದು ನಾನು ನಂಬಲಾರೆ.

ಉಂಡ ಆಹಾರವೆಲ್ಲವೂ ಕೊಬ್ಬಾಗಿಯೇ ನಿಲ್ಲಬೇಕೆಂಬ ನಿಯಮವಿಲ್ಲ. ಇಲಿಯ ಹೆಗಲೆಲುಬುಗಳ ನಡುವೆ ಕಂದು ಬಣ್ಣದ ಕೊಬ್ಬೊಂದಿದೆ. 1551ರಲ್ಲಿಯೇ ಕಾನ್ರಾಡ್ ಗೆಸ್ನರ್ ಇಂಥದನ್ನು ಆಲ್ಪ್ಸ್ ಪರ್ವತದ ಮಾರ್ಮಟ್ ಪ್ರಾಣಿಯಲ್ಲಿ ಕಂಡಿದ್ದನು. ಸಾಮಾನ್ಯ ಜೀವಕೋಶದ ಮೈಟೋಕಾಂಡ್ರಿಯಗಳಲ್ಲಿ ಆಹಾರದ ಶಕ್ತಿಯು ಪೊರೆಯಾಚೆಗೆ ನೂಕಿದ ಪ್ರೋಟಾನುಗಳು ಮರಳುವಾಗ ಎಟಿಪಿ ಎಂಬ ದ್ರವ್ಯವನ್ನು ನಿರ್ಮಿಸುತ್ತವೆ. ಕಂದು ಕೊಬ್ಬಿನಲ್ಲಾದರೋ, ತೂಬಿನಿಂದ ಗದ್ದೆಗೆ ಹರಿಯಬೇಕಾದ ಕೆರೆಯ ನೀರು ಕೋಡಿಬಿದ್ದು ಹೋಗುವಂತೆ, ಯುಸಿಪಿ-1 ಎಂಬ ಪ್ರೋಟೀನು ತೆರೆದ ಬೇರೊಂದು ದಾರಿಯಿಂದ ಅವು ಮರಳಿ, ಶಕ್ತಿಯು ಬರಿಯ ಶಾಖವಾಗಿ ಪರಿಣಮಿಸುತ್ತದೆ. ನವಜಾತ ಶಿಶುವು ನಡುಗದೆಯೇ ಚಳಿಯನ್ನು ತಡೆಯುವುದು ಇದರಿಂದಲೇ.

ಎಪ್ಪತ್ತರ ದಶಕದಲ್ಲಿ ನಾಡಿನ ಮಕ್ಕಳ ಕಣ್ಣುಗಳನ್ನು ಕುರುಡಿನಿಂದ ಉಳಿಸಲು ಹೊರಟ ಯೋಜನೆಗೆ ಆಧಾರವಾದ ‘ಎ’ ಜೀವಸತ್ವದ ಅಧ್ಯಯನವು ನಡೆದದ್ದು ಇದೇ ಸಂಸ್ಥೆಯಲ್ಲಿ. ಅದೇ ಜೀವಸತ್ವವನ್ನು ಹೇರಳವಾಗಿ ಬೆರೆಸಿದ ಆಹಾರವು ಸ್ಥೂಲ ಇಲಿಗಳ ತೂಕವನ್ನೂ ಮೇದಸ್ಸನ್ನೂ ತಗ್ಗಿಸಿತೆಂದು 2006ರಲ್ಲಿ ಪ್ರಕಟಿಸಿದ ಇಲ್ಲಿಯ ಸಂಶೋಧಕರು, ಕಾರಣವನ್ನು ಅರಸುತ್ತ ಕಂದು ಕೊಬ್ಬಿನ ಯುಸಿಪಿ-1 ವಂಶವಾಹಿಯನ್ನೂ ಪರೀಕ್ಷಿಸಿದರು. ಅತಿಯಾದ ‘ಎ’ ಜೀವಸತ್ವವು ಮನುಷ್ಯನ ಯಕೃತ್ತಿಗೆ ವಿಷವಾದುದರಿಂದ ಇದನ್ನು ಔಷಧವೆಂದು ಯಾರೂ ಭಾವಿಸಕೂಡದು. ಆದರೆ ಆ ಪರೀಕ್ಷೆ ವ್ಯರ್ಥ ಕುತೂಹಲವಾಗಿರಲಿಲ್ಲ: ಶೈಶವದೊಡನೆ ಬಹುಮಟ್ಟಿಗೆ ಅಳಿಯುವುದೆಂದು ಎಣಿಸಿದ್ದ ಕಂದು ಕೊಬ್ಬು ವಯಸ್ಕರ ಕತ್ತಿನಲ್ಲಿಯೂ ಕೊರಳೆಲುಬಿನ ಮೇಲ್ಗಡೆಯೂ ಉಳಿದು ಕೆಲಸ ಮಾಡುತ್ತಿರುವುದನ್ನು, ಮೂರೇ ವರ್ಷಗಳ ತರುವಾಯ, 2009ರಲ್ಲಿ, ಪಾಶ್ಚಾತ್ಯ ವೈದ್ಯರು ದೃಢಪಡಿಸಿದರು.